ಸೀನನಿಗೆ, ಕಾರೈಕುಡಿಯಿಂದ ಬಂದ ಮೇಲೆ

ಪ್ರೀತಿಯ ಸೀನ,

ಹದಿನೈದು ದಿನದಿಂದ ಫೋನ್ ಎತ್ತಿಲ್ಲ ಅಂತ ಬೈದು ಮೆಸೇಜ್ ಹಾಕಿದ್ದೀಯ. ಬೈಗುಳ ಮುಟ್ಟಿತು. ಉತ್ತರವನ್ನ ಎಲ್ಲರೂ ಓದುವ ಜಾಗದಲ್ಲೇ ಬರೀತಿದ್ದೀನಿ. ನಿನ್ನ ಹತ್ತಿರ ಫೋನಲ್ಲಿ ಮಾತಿಗೆ ಕೂತರೆ ಎರಡನೇ ನಿಮಿಷಕ್ಕೆ ಚಂದ್ರಣ್ಣನ ಏಣಿಯ ಹಳೇ ಕಥೆ ಬಂದೇ ಬರುತ್ತೆ, ಆಮೇಲೆ ಇಬ್ಬರೂ ನಗ್ತಾ ಫೋನ್ ಇಡ್ತೀವಿ, ಹೇಳಬೇಕಾದ್ದು ಅಲ್ಲೇ ಉಳಿಯುತ್ತೆ.

ತಮಿಳುನಾಡಿನ ಕಾರೈಕುಡಿಗೆ ಹೋಗಿದ್ದೆವು ಕಣೋ, ಇವಳೂ ನಾನೂ. ಮೈಸೂರಿನ ಮನೆಗೆ ಮೋಲ್ಡ್ ಹಾಕಿ ಮುಗಿದಿದೆ, ಒಳಗೋಡೆ ಗಾರೆ ನಡೀತಿದೆ. ನೆಲಕ್ಕೆ ಕಾರೈಕುಡಿ ಹತ್ತಿರದ ಆತ್ತಂಗುಡಿಯಲ್ಲಿ ಕೈಯಲ್ಲೇ ಮಾಡುವ ಟೈಲ್ಸೇ ಆಗಬೇಕು ಅಂತ ಇವಳು ಮೊದಲಿನಿಂದ ಹೇಳ್ತಿದ್ದಳು. ಸರಿ, ಮಾಡುವ ಜಾಗಕ್ಕೇ ಹೋಗಿ ನೋಡೋಣ ಅಂತ ತೂತ್ತುಕುಡಿ ಎಕ್ಸ್‌ಪ್ರೆಸ್ ಹತ್ತಿ ಮಧುರೈಲಿ ಇಳಿದು, ಅಲ್ಲಿಂದ ಟ್ಯಾಕ್ಸಿ ಮಾಡಿಕೊಂಡು ಹೋದೆವು. ಎರಡು ದಿನ ಅಂದುಕೊಂಡಿದ್ದು ನಾಲ್ಕು ದಿನ ಆಯ್ತು. ಟೈಲ್ಸ್ ಮೊದಲ ದಿನವೇ ಮುಗಿದಿತ್ತು. ಉಳಿದದ್ದೆಲ್ಲ ಅಲ್ಲಿನ ಚೆಟ್ಟಿಯಾರರ ಹಳೇ ಮನೆಗಳನ್ನ ನೋಡಕ್ಕೆ.

ಮೊದಲು ಟೈಲ್ಸ್ ವಿಷಯ ಹೇಳಿಬಿಡ್ತೀನಿ. ಶೀಟಿನ ಚಪ್ಪರದ ಕೆಳಗೆ ಒಬ್ಬರು ಕೂತಿದ್ದರು. ಮುಂದೆ ಚೌಕಾಕಾರದ ಒಂದು ಗಾಜು. ಅದರ ಸುತ್ತ ಕಬ್ಬಿಣದ ಚೌಕಟ್ಟು, ಒಳಗೆ ಹೂವಿನ ಆಕಾರಕ್ಕೆ ಬಾಗಿಸಿದ ತೆಳು ಲೋಹದ ಅಚ್ಚು. ಬಣ್ಣ ಬೆರೆಸಿದ ಸಿಮೆಂಟು ತೆಳ್ಳಗೆ ದೋಸೆ ಹಿಟ್ಟಿನ ಹಾಗೆ. ಸಣ್ಣ ಸೌಟಿನಲ್ಲಿ ಅಚ್ಚಿನ ಒಂದು ಖಾನೆಗೆ ಹಸಿರು, ಒಂದಕ್ಕೆ ಕಾವಿ, ಒಂದಕ್ಕೆ ಹಳದಿ ಬಿಟ್ಟರು. ಆಮೇಲೆ ಆ ಅಚ್ಚನ್ನ ನೆಟ್ಟಗೆ ಮೇಲಕ್ಕೆತ್ತಿದರು ನೋಡು, ನಾನು ಉಸಿರು ಬಿಗಿ ಹಿಡಿದಿದ್ದೆ. ಕೈ ಕೂದಲೆಳೆಯಷ್ಟು ಅಲುಗಿದರೂ ಬಣ್ಣಗಳು ಒಂದಕ್ಕೊಂದು ಸೇರಿಬಿಡುತ್ತವೆ. ಸೇರಲಿಲ್ಲ. ಗೆರೆ ಗೆರೆಯಾಗಿಯೇ ನಿಂತಿತು. ಅದರ ಮೇಲೆ ಒಣ ಸಿಮೆಂಟು ಮರಳು ಉದುರಿಸಿ, ಮತ್ತೆ ಹಸಿ ಗಾರೆ ತುಂಬಿ, ಕರಣೆಯಲ್ಲಿ ಎಳೆದು ಸಮ ಮಾಡಿ ಪಕ್ಕಕ್ಕಿಟ್ಟರು. ಭಟ್ಟಿ ಇಲ್ಲ, ಬೆಂಕಿ ಇಲ್ಲ. ಒಣಗಿಸಿ, ನೀರಿನ ತೊಟ್ಟಿಯಲ್ಲಿ ನೆನೆಸಿ ಗಟ್ಟಿ ಮಾಡುತ್ತಾರೆ. ಗಾಜು ಬಿಡಿಸಿದಾಗ ಹೂವಿನ ಮುಖ ಗಾಜಿನಷ್ಟೇ ನುಣುಪು. ಮಾಡುವವನ ಕಣ್ಣಿಗೆ ಕಾಣುತ್ತಿದ್ದದ್ದೆಲ್ಲ ಬೆನ್ನು, ಹೂವು ಬೋರಲಾಗಿ ಹುಟ್ಟುತ್ತೆ.

ಮನೆ ಕಟ್ಟಿಸುತ್ತಿರುವ ಬೇರೆಯವರೂ ಇದನ್ನ ಓದುತ್ತಿದ್ದರೆ ಒಂದು ಮಾತು: ಈ ಟೈಲ್ಸ್ ಹಾಕಿ ಅನುಭವ ಇರುವ ಗಾರೆಯವರನ್ನೇ ಹುಡುಕಿ, ಕೆಲಸ ಮುಗಿದ ಮೇಲೆ ಆಸಿಡ್ ಹಾಕಿ ತೊಳೆಯಕ್ಕೆ ಬಿಡಬೇಡಿ, ಸಿಮೆಂಟು ಅದನ್ನ ತಡೆಯಲ್ಲ. ದಿನಾ ಒರೆಸಿ, ಮೇಲೆ ಓಡಾಡಿ. ಓಡಾಡಿದಷ್ಟೂ ಹೊಳಪು ಬರುತ್ತೆ.

ಇನ್ನು ಮನೆಗಳು. ಸೀನ, ನಾವಿಬ್ಬರೂ ಮೊಬೈಲಲ್ಲಿ ಎಷ್ಟು ಹೋಂ ಟೂರ್ ನೋಡಿದ್ದೀವಿ, ಈಜುಕೊಳ ಇರುವ ಮಹಡಿ, ಬಟನ್ ಒತ್ತಿದರೆ ಸರಿಯುವ ಪರದೆ. ಅದನ್ನೆಲ್ಲ ಒಂದು ಸಲ ಮರೆತುಬಿಡು. ಕಾನಾಡುಕಾತ್ತಾನ್ ಅಂತ ಒಂದು ಹಳ್ಳಿ. ಬೀದಿಯಲ್ಲಿ ನಿಂತರೆ ಆಚೆ ಕಡೆ, ಈಚೆ ಕಡೆ ಅರಮನೆಯಂಥ ಮನೆಗಳೇ. ಒಂದು ಮನೆಯ ಮುಂಬಾಗಿಲು ಈ ಬೀದಿಗೆ, ಹಿಂಬಾಗಿಲು ಆ ಕಡೆಯ ಬೀದಿಗೆ. ಮುಂಬಾಗಿಲಲ್ಲಿ ನಿಂತು ನೋಡಿದರೆ ಅಂಗಳದ ಹಿಂದೆ ಅಂಗಳ, ಬಾಗಿಲ ಹಿಂದೆ ಬಾಗಿಲು, ಕೊನೆಯಲ್ಲಿ ಬೆಂಕಿಪೊಟ್ಟಣದಷ್ಟು ಬೆಳಕು. ಅದು ಹಿಂದಿನ ಬೀದಿ.

ಮೊದಲು ತಿಣ್ಣೈ, ನಮ್ಮ ಜಗಲಿ. ವ್ಯವಹಾರಕ್ಕೆ ಬಂದವರು ಅಲ್ಲೇ ಕೂರೋದು. ಅದನ್ನ ದಾಟಿದರೆ ವಳವು, ಅಂದರೆ ನಮ್ಮ ತೊಟ್ಟಿ, ಆದರೆ ನಮ್ಮ ತೊಟ್ಟಿಮನೆ ನಾಲ್ಕು ಕೂಡಿಸಿದಷ್ಟು. ನಾಲ್ಕೂ ಕಡೆ ಇಳಿಜಾರು ಮಾಡು, ಮಳೆ ನೀರೆಲ್ಲ ಒಳಕ್ಕೇ ಬೀಳಬೇಕು. ಆ ಒಣಸೀಮೆಯಲ್ಲಿ ಒಂದು ಹನಿಯನ್ನೂ ಆಚೆ ಬಿಡಬಾರದು ಅನ್ನೋ ಲೆಕ್ಕ. ಕಂಬಗಳು ಬರ್ಮಾ ತೇಗ, ನೆಲಕ್ಕೆ ಇಟಲಿಯ ಅಮೃತಶಿಲೆ, ಗೋಡೆಗೆ ಬೆಲ್ಜಿಯಂ ಕನ್ನಡಿ. ಇದಿಷ್ಟನ್ನೂ ಗೈಡ್ ಹೇಳಿದಾಗ ತಲೆಯಾಡಿಸಿದೆ. ನನ್ನನ್ನ ಹಿಡಿದು ನಿಲ್ಲಿಸಿದ್ದು ಗೋಡೆ. ಚಿಪ್ಪಿನ ಸುಣ್ಣ, ಮೊಟ್ಟೆಯ ಬಿಳಿ, ಅಳಲೆಕಾಯಿ ನೀರು ಸೇರಿಸಿ ಅರೆದು, ಪದರದ ಮೇಲೆ ಪದರ ಉಜ್ಜಿ ಮಾಡಿದ ಗಾರೆ. ಆಚೆ ಬಿಸಿಲು ಕೆಂಡ ಸುರೀತಿದ್ದರೂ ಅಂಗೈ ಇಟ್ಟರೆ ತಣ್ಣಗೆ, ಮಡಕೆಯ ಹೊಟ್ಟೆಯ ಹಾಗೆ. ಸ್ವಲ್ಪ ಹೊತ್ತು ಕೆನ್ನೆಯನ್ನೇ ಇಟ್ಟು ನಿಂತಿದ್ದೆ. ಇವಳು ಫೋಟೋ ತೆಗೆದಿದ್ದಾಳೆ, ನಿನಗೆ ಬೇರೆ ಕಳಿಸ್ತೀನಿ.

ಇದಕ್ಕೆಲ್ಲ ದುಡ್ಡು ಎಲ್ಲಿಂದ ಬಂತು ಅಂತ ಬ್ಯಾಂಕಿನವನಾದ ನೀನು ಕೇಳೇ ಕೇಳ್ತೀಯ. ಬಡ್ಡಿಯಿಂದ. ಈ ಮನೆಗಳನ್ನ ಕಟ್ಟಿಸಿದ ನಾಟ್ಟುಕೋಟ್ಟೈ ಚೆಟ್ಟಿಯಾರರು, ಅಲ್ಲಿಯ ವ್ಯಾಪಾರಿ ಸಮುದಾಯದವರು, ಬರ್ಮಾ, ಸಿಲೋನ್, ಮಲಯ ಅಂತ ಕಡಲು ದಾಟಿ ಹೋಗಿ ಸಾಲ ಕೊಟ್ಟವರು. ನೀನು ಇಪ್ಪತ್ತೆರಡು ವರ್ಷ ದುಡಿದ ಇಂಡಿಯನ್ ಓವರ್‌ಸೀಸ್ ಬ್ಯಾಂಕ್ ಶುರು ಮಾಡಿದ್ದೂ ಅವರಲ್ಲೊಬ್ಬರೇ, ಚಿದಂಬರಂ ಚೆಟ್ಟಿಯಾರ್. 1937ರಲ್ಲಿ ಒಂದೇ ದಿನ ಮೂರು ಶಾಖೆ ತೆರೆದದ್ದು: ಕಾರೈಕುಡಿ, ಮದ್ರಾಸು, ರಂಗೂನು. ಕಾರೈಕುಡಿಯ ಹೆಸರು ಆ ಸಾಲಲ್ಲಿ ಯಾಕಿದೆ ಅಂತ ಬೀದಿಯಲ್ಲಿ ನಿಂತು ನೋಡಿದರೆ ಗೊತ್ತಾಗುತ್ತೆ. ಆದರೆ ಆ ತೇಗದ ಕಂಬ ಮುಟ್ಟುವಾಗ ಇನ್ನೊಂದೂ ನೆನಪಿರಬೇಕು. 1930ರ ದಶಕದಲ್ಲಿ ಭತ್ತದ ಬೆಲೆ ನೆಲ ಕಚ್ಚಿದಾಗ ಸಾಲ ತೀರಿಸಲಾಗದೆ ಬರ್ಮಾದ ರೈತರು ಜಮೀನು ಕಳೆದುಕೊಂಡರು. ದಶಕ ಮುಗಿಯುವ ಹೊತ್ತಿಗೆ ಕೆಳ ಬರ್ಮಾದ ಮುಖ್ಯ ಭತ್ತದ ಜಿಲ್ಲೆಗಳ ಸಾಗುವಳಿ ಭೂಮಿಯಲ್ಲಿ ಸುಮಾರು ಕಾಲು ಭಾಗ ಚೆಟ್ಟಿಯಾರರ ಕೈಯಲ್ಲಿತ್ತು. 1942ರಲ್ಲಿ ಜಪಾನಿನ ಸೇನೆ ಬಂತು, ಎಲ್ಲವನ್ನೂ ಬಿಟ್ಟು ಓಡಿ ಬಂದರು. ಮನೆಗಳು ಮಾತ್ರ ಇಲ್ಲಿ ಉಳಿದವು. ಈಗ ಒಂದು ಮನೆಗೆ ಎಷ್ಟೋ ಜನ ಪಾಲುದಾರರು, ಚೆನ್ನೈಯಲ್ಲಿ ಕೆಲವರು, ಸಿಂಗಪುರದಲ್ಲಿ ಕೆಲವರು. ಮದುವೆಗೆ, ಪೂಜೆಗೆ ಬಂದು ಬೀಗ ತೆಗೀತಾರೆ.

ಮೂರನೇ ದಿನ ಹೋದ ಮನೆ ದೊಡ್ಡದೇನಲ್ಲ. ಮನೆಯವರ ಹೆಸರು ಬರೆಯಲ್ಲ, ಅವರೇನೂ ಟಿಕೆಟ್ ಇಟ್ಟಿಲ್ಲ, ನೋಡಿಕೊಳ್ಳುವ ಅಜ್ಜಿ ಒಳಗೆ ಕರೆದರು ಅಷ್ಟೆ. ಸೊಂಟಕ್ಕೆ ಬೀಗದಕೈ ಗೊಂಚಲು, ನಡೆದರೆ ಗಲಗಲ. ವಳವಿನ ಸುತ್ತ ಸಾಲಾಗಿ ರೂಮುಗಳು, ಒಂದೊಂದು ಗಂಡುಮಗನಿಗೆ ಒಂದೊಂದು ಪಾಲು, ಎಲ್ಲಕ್ಕೂ ಬೀಗ. ಹಾಗೇ ಹಿಂದಕ್ಕೆ ಹೋದೆವು, ಎರಡನೇ ಕಟ್ಟು, ಮೂರನೇ ಕಟ್ಟು. ಅಲ್ಲಿ ಹೆಂಗಸರ ಜಗತ್ತು: ನೆಲದಲ್ಲಿ ಹೂತ ಒರಳು, ಬಾವಿ, ಉಪ್ಪಿನಕಾಯಿಯ ಭರಣಿಗಳು. ಗೋಡೆ ಪಕ್ಕದಲ್ಲಿ ಒಲೆಗಳು. ಒಂದು, ಎರಡು, ಮೂರು. ಇವಳು ಎಣಿಸಿದಳು, ಏಳು. ಅಕ್ಕಪಕ್ಕ, ನಡುವೆ ಮೊಣಕಾಲೆತ್ತರದ ಸಣ್ಣ ಗೋಡೆ.

ಒಂದೇ ಮನೆಗೆ ಏಳು ಒಲೆ ಯಾಕೆ ಅಂತ ನನಗೆ ಬರುವ ಹರಕು ತಮಿಳಲ್ಲಿ ಕೇಳಿದೆ. ಅಜ್ಜಿ ನನ್ನನ್ನ ಮಗುವಿನ ಹಾಗೆ ನೋಡಿದರು. 'ಕಲ್ಯಾಣಂ ಆನಾ ವೇರು ವೈಪ್ಪಾಂಗ' ಅಂದರು. ಮದುವೆ ಆದ ಮೇಲೆ ಬೇರೆ ಇಡ್ತಾರೆ. ಮಗನಿಗೆ ಮದುವೆಯಾಗಿ ಸ್ವಲ್ಪ ಕಾಲ ಕಳೆದರೆ ದೊಡ್ಡವರೇ ಮುಂದೆ ನಿಂತು ಪಾತ್ರೆ ಪಡಗ ಕೊಟ್ಟು, ವರ್ಷಕ್ಕೆ ಇಷ್ಟು ಅಕ್ಕಿ, ಇಷ್ಟು ಬೇಳೆ ಅಂತ ಅಳೆದು ಕೊಟ್ಟು, ಇದು ನಿನ್ನ ಒಲೆ ಅಂತ ತೋರಿಸೋದು. ಅತ್ತೆಯ ಒಲೆ ಅತ್ತೆಗೆ, ಸೊಸೆಯದು ಸೊಸೆಗೆ. ಅದೇ ಬಾವಿ, ಅದೇ ಒರಳು, ಅದೇ ಸೂರು. ಹಬ್ಬಕ್ಕೆ, ಮದುವೆಗೆ ಎಲ್ಲರೂ ಒಟ್ಟಿಗೆ.

ನಮ್ಮ ಕಡೆ 'ಬೇರೆ ಆದರು' ಅಂದರೆ ಏನರ್ಥ ಹೇಳು? ಜಗಳ, ಪಂಚಾಯ್ತಿ, ಅಂಗಳದ ಮಧ್ಯೆ ಗೋಡೆ. ಇಲ್ಲಿ ಅದೇ ಮಾತನ್ನ ಆ ಅಜ್ಜಿ ಸೀಮಂತದ ವಿಷಯ ಹೇಳಿದ ಹಾಗೆ ಖುಷಿಯಾಗಿ ಹೇಳ್ತಿದ್ದಾರೆ.

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತೆ.

ಸೀನ, ಅಮ್ಮ ಮೈಸೂರಿಗೆ ಬರಲ್ಲ ಅಂತ ಹಟ ಹಿಡಿದಿದ್ದಾಳೆ ಅಂತ ನಿನಗೆ ಹೇಳಿದ್ದೆ ಅಲ್ವಾ? ಪಾಯ ಪೂಜೆಗೆ ಬಂದವರಿಗೆಲ್ಲ ಅದನ್ನೇ ಹೇಳಿದ್ದೆ. ನಡೆದದ್ದು ಬೇರೆ. ಹೋದ ದಸರೆಗೆ ಅಮ್ಮ ಬಂದಿದ್ದಾಗ ಪ್ಲಾನ್ ಹಾಳೆ ಮೇಜಿನ ಮೇಲೆ ಹರಡಿ, ಕೆಳಗಿನ ಮನೆಯ ರೂಮು ತೋರಿಸಿ, ಇದು ನಿಂದು ಅಂದೆ. ಅಮ್ಮ ಅದರ ಮೇಲೆ ಬೆರಳಿಟ್ಟಳು. ಆ ಬೆರಳು ಮೆಲ್ಲಗೆ ಜರುಗಿ ಅಡುಗೆಮನೆಯ ಮೇಲೆ ನಿಂತಿತು. 'ಅಡುಗೆಮನೆ ಇದೊಂದೇನಾ?' ಅಂದಳು. ಹೂಂ ಅಂದೆ, ಮಾಡ್ಯುಲರ್ ಅಂದೆ, ಚಿಮಣಿ ಬರುತ್ತೆ ಅಂದೆ. ಅಮ್ಮ ಮತ್ತೇನೂ ಕೇಳಲಿಲ್ಲ. ಮಾರನೇ ದಿನ ಬಸ್ ಹತ್ತುವಾಗ 'ನಾನು ಊರಲ್ಲೇ ಇರ್ತೀನಿ ಬಿಡಪ್ಪ, ನನಗೆ ಅಲ್ಲೇ ಸರಿ' ಅಂದಳು.

ಆಗ ನನಗೆ ಏನನ್ನಿಸಿತು ಗೊತ್ತಾ? ಹಗುರ ಆಯ್ತು. ಇನ್ನು ಯಾರ ಉಪ್ಪು ಹೆಚ್ಚು, ಯಾರ ಹುಳಿ ಕಮ್ಮಿ ಅನ್ನೋ ಪಂಚಾಯ್ತಿ ಇಲ್ಲ ಅನ್ನಿಸಿತು. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು. ವಾರದೊಳಗೆ ಇಂಜಿನಿಯರಿಗೆ ಫೋನ್ ಮಾಡಿ ಆ ರೂಮನ್ನ ಹೋಂ ಥಿಯೇಟರ್ ಮಾಡಿಸಿದೆ. ತಪ್ಪು ಇವಳದಲ್ಲ, ಇವಳನ್ನ ನಾನು ಕೇಳಲೇ ಇಲ್ಲ. ಅಮ್ಮ ಬರಲ್ಲ ಅಂದಳು ಅಂತ ಎಲ್ಲರಿಗೂ ಹೇಳಿದೆ. ಬಾ ಅಂತ ಎರಡನೇ ಸಲ ಕರೆಯಲಿಲ್ಲ.

ಅಪ್ಪ ಹೋಗಿ ಮೂರು ವರ್ಷ ಆಯ್ತು. ಐವತ್ತು ವರ್ಷದಿಂದ ಒಂದು ಒಲೆ ಮುಂದೆ ನಿಂತವಳು ಅವಳು. ಬೆಳಗ್ಗೆ ನಾಲ್ಕೂವರೆಗೆ ಎದ್ದು ತನ್ನ ಕಾಫಿ ತಾನೇ ಮಾಡಿಕೊಂಡು, ಡಿಕಾಕ್ಷನ್ ಇಳಿಯೋ ತನಕ ಕಿಟಕಿ ಹತ್ತಿರ ನಿಲ್ಲುವ ಹೆಂಗಸು. ಅವಳು ಕೇಳಿದ್ದು ರೂಮಲ್ಲ ಕಣೋ. ಒಂದು ಒಲೆ. ಅದನ್ನ ಬಾಯಿಬಿಟ್ಟು ಕೇಳಿದರೆ ಮಗ ಸೊಸೆ ಬೇರೆ ಅರ್ಥ ಮಾಡಿಕೊಳ್ತಾರೆ ಅಂತ ಬೆರಳಲ್ಲಿ ಕೇಳಿದಳು. ನನಗೆ ಆಗಲೇ ಅರ್ಥ ಆಗಿತ್ತು ಅಂತ ಈಗ ಅನ್ನಿಸ್ತಿದೆ. ಅರ್ಥ ಆಗಿದ್ದಕ್ಕೇ ಚಿಮಣಿಯ ಮಾತು ತೆಗೆದಿದ್ದು.

ಇಷ್ಟೆಲ್ಲ ಬರೀಬೇಕು ಅಂತ ಕೂತಿರಲಿಲ್ಲ. ಟೈಲ್ಸ್, ಕಂಬ, ಬ್ಯಾಂಕು ಇಷ್ಟು ಬರೆದು ಮುಗಿಸೋಣ ಅಂತಿದ್ದೆ. ಬರೆದಾಯ್ತು, ಇರಲಿ.

ವಾಪಸ್ ಬರುವಾಗ ರೈಲಲ್ಲಿ ದೀಪ ಆರಿಸಿದ ಮೇಲೆ ಕೆಳಗಿನ ಬರ್ತಿನಿಂದ ಇವಳು ಮೆಲ್ಲಗೆ, 'ಆ ರೂಮಿನ ಹಿಂದೆ ಯುಟಿಲಿಟಿ ಇದೆಯಲ್ಲ, ಆರು ಏಳು ಅಡಿ ಇದ್ದೀತು' ಅಂದಳು. ಅಷ್ಟೇ ಅಂದಿದ್ದು. ಬೆಳಗ್ಗೆ ಇಂಜಿನಿಯರಿಗೆ ಫೋನ್ ಮಾಡಿದೆ. ಗಾರೆ ಆಗಿರುವ ಗೋಡೆ ಕೊರೆದು ನೀರಿನ ಪೈಪು ಎಳೀಬೇಕು, ಪೂರ್ವಕ್ಕೊಂದು ಕಿಟಕಿ ಒಡೀಬೇಕು, ಖರ್ಚು ಬರುತ್ತೆ ಸಾರ್ ಅಂದರು. ಬರಲಿ ಅಂದೆ. ಕಟ್ಟೆ ಎಷ್ಟು ಎತ್ತರ ಬೇಕು ಅಂತ ಕೇಳಿದರು, ಅದನ್ನ ಅಮ್ಮನನ್ನೇ ನಿಲ್ಲಿಸಿ ಅಳೀಬೇಕು. ಆತ್ತಂಗುಡಿಗೂ ಫೋನ್ ಮಾಡಿ ಹತ್ತಿಂಚಿನ ಕಾವಿ ಬಣ್ಣದ್ದು ಎಪ್ಪತ್ತು ಸೇರಿಸಿ ಅಂದೆ, ದಾರಿಯಲ್ಲಿ ಒಡೆಯೋದೂ ಲೆಕ್ಕ ಹಿಡಿದು.

ಅಮ್ಮನಿಗೆ ಇನ್ನೂ ಹೇಳಿಲ್ಲ. ಅವಳು ಇದನ್ನೆಲ್ಲ ಓದಲ್ಲ, ಆದರೆ ಪದ್ದತ್ತೆ ಮಗಳು ಓದ್ತಾಳೆ, ಓದಿ ಸುಮ್ಮನಿರುವವಳಲ್ಲ. ಅದಕ್ಕೇ ಈ ಭಾನುವಾರವೇ ಊರಿಗೆ ಹೋಗ್ತಿದ್ದೀನಿ. ನೀನೂ ಬಾ, ನಿನ್ನ ಕಾರಲ್ಲೇ ಹೋಗೋಣ. ಒಬ್ಬನೇ ಹೋದರೆ ನಾನು ತಿಪಟೂರಲ್ಲೇ ಮಾತು ಮರೆತುಬಿಡ್ತೀನಿ, ನೀನಿದ್ದರೆ ಹೇಳಲೇಬೇಕಾಗುತ್ತೆ. ಅಮ್ಮ ನಿನಗೆ ಅಂತಲೇ ಹುರುಳಿಕಾಳಿನ ಬಸ್ಸಾರು ಮಾಡ್ತಾಳೆ. ಕಾರೈಕುಡಿಯಿಂದ ಕಂದರಪ್ಪಂ ಅನ್ನೋ ಸಿಹಿತಿಂಡಿಯ ಪೊಟ್ಟಣ ತಂದಿದ್ದೀನಿ, ಅರ್ಧ ನಿಂದು. ಪದ್ದತ್ತೆಯ ಮೊರವೂ ಗಾಡಿಯಲ್ಲಿ ಹಾಕ್ಕೊಂಡು ಬಾ, ಅವಳು ಕೇಳ್ತಾನೇ ಇದ್ದಾಳೆ.

ಏಣಿ ಬೇಡ.

ನಿನ್ನ,
ಮಂಜ