ಎಂಜಿನ್ ಓಡಿದ ಗಂಟೆ ಬರೆದಿಡಿ

ಮಾನ್ಯ ಸಂಪಾದಕರೇ,

ಕಾರವಾರದ ಬೈತಖೋಲ ಬಂದರಿನಲ್ಲಿ ಟ್ರಾಲರ್ ಬೋಟ್‌ಗಳ ಎಂಜಿನ್ ರಿಪೇರಿ ನನ್ನ ಕೆಲಸ. ಜೂನ್, ಜುಲೈನಲ್ಲಿ ಮೀನುಗಾರಿಕೆ ನಿಂತಾಗ ಎಲ್ಲರೂ ಎಂಜಿನ್ ಬಿಚ್ಚಿಸುತ್ತಾರೆ. ಯಾವ ಭಾಗ ಎಷ್ಟು ಗಂಟೆ ಓಡಿದೆ ಎಂದು ಕೇಳಿದರೆ ತಾಂಡೇಲರೂ (ಬೋಟ್ ನಡೆಸುವವರು) ಮಾಲೀಕರೂ ಮುಖ ಮುಖ ನೋಡಿಕೊಳ್ಳುತ್ತಾರೆ.

ಸ್ವೀಡನ್ನಿನ ಎಂಜಿನಿಯರ್ ವೈಬುಲ್ 1951ರಲ್ಲಿ ವಿವರಿಸಿದ, ಒಂದು ಭಾಗ ಎಷ್ಟು ಕಾಲ ಬಾಳುತ್ತದೆ ಎಂದು ಅಂದಾಜಿಸುವ ಲೆಕ್ಕಕ್ಕೆ ಮುಖ್ಯವಾಗಿ ಬೇಕಾದದ್ದು ಆ ಗಂಟೆಗಳೇ. ಪಂಪಿನ ಲೆಕ್ಕವಾದರೆ, ಇನ್ನೂ ಕೆಡದ ಪಂಪುಗಳ ಗಂಟೆಯನ್ನೂ ಸೇರಿಸಬೇಕು. ಬಿಟ್ಟರೆ ಆಯಸ್ಸು ಕಡಿಮೆ ಕಾಣುತ್ತದೆ. ಓಡಿದಷ್ಟೂ ಕೆಡುವ ಸಾಧ್ಯತೆ ಏರುತ್ತದೋ ಇಳಿಯುತ್ತದೋ ಎಂದು ತೋರಿಸುವ ಅಂಕಿ ಬೀಟಾ. ಲೆಕ್ಕದಲ್ಲಿ ಸಿಗುವ ಈ ಬೀಟಾ 1ಕ್ಕಿಂತ ಜಾಸ್ತಿಯಾದರೆ ಅದು ಸವೆತ, ಕೆಡುವ ಮೊದಲೇ ಬದಲಿಸಬಹುದು. ಕಡಿಮೆಯಾದರೆ ಜೋಡಣೆಯನ್ನೋ ಹೊಸ ಸಾಮಾನನ್ನೋ ಅನುಮಾನಿಸಿ. ಸುಮ್ನೆ ಬದಲಿಸಿದರೆ ಖರ್ಚು ನಿಮ್ಮದು, ಕೂಲಿ ನನ್ನದು!

ಒಂದೇ ಬೋಟಿನ ಲೆಕ್ಕ ಸಾಲದು. ಮೀನುಗಾರರ ಸಹಕಾರ ಸಂಘಗಳು ಡೀಸೆಲ್ ಕೊಡುವಾಗಲೇ ಎಂಜಿನ್ ಓಡಿದ ಗಂಟೆ ತೋರಿಸುವ ಅವರ್ ಮೀಟರಿನ ಅಂಕಿಯನ್ನೂ ಬರೆದುಕೊಳ್ಳಲಿ.

— ಒಬ್ಬ ಬೋಟ್ ಮೆಕ್ಯಾನಿಕ್, ಕಾರವಾರ