ಹೊಸಬರು ಊದಿದರೆ ಸೊನ್ನೆಯೇ ಬರಲಿ: ಸಾರಿಗೆ ಸಚಿವರಿಗೆ ಒಬ್ಬ ಗ್ಯಾರೇಜಿನವನ ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಸಾರಿಗೆ ಸಚಿವರಿಗೆ ನಮಸ್ಕಾರಗಳು.

ಬೆಂಗಳೂರು-ಮಂಗಳೂರು ಹೆದ್ದಾರಿ ಪಕ್ಕದ ಒಂದು ತಾಲ್ಲೂಕು ಊರಿನಲ್ಲಿ ನನ್ನದೊಂದು ಬೈಕ್ ಗ್ಯಾರೇಜು. ಸ್ಪ್ಯಾನರ್ ಹಿಡಿದು 27 ವರ್ಷ ಆಯಿತು. ಮಂತ್ರಿಗಳಿಗೆ ಪತ್ರ ಬರೆದು ಅಭ್ಯಾಸ ಇಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಹೊಸತೊಡಕು ಕಳೆದು ಮೂರು ವಾರಕ್ಕೆ ಒಂದು ಗಾಡಿ ನನ್ನ ಶೆಡ್ಡಿಗೆ ಬಂತು. ಪೊಲೀಸ್ ಸ್ಟೇಷನ್‌ನಿಂದ ಬಿಡಿಸಿಕೊಂಡು, ಗೂಡ್ಸ್ ಆಟೋದಲ್ಲಿ ಮಲಗಿಸಿಕೊಂಡು ತಂದಿದ್ದರು. 150 ಸಿಸಿ ಗಾಡಿ, ತೆಗೆದುಕೊಂಡು ಐದು ತಿಂಗಳು. ಮೀಟರಿನ ಮೇಲೆ ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆ ಕೂಡ ಇನ್ನೂ ಕಿತ್ತಿರಲಿಲ್ಲ. ಮೋಟಾರು ವಾಹನ ನಿರೀಕ್ಷಕರು ಸ್ಟೇಷನ್‌ನಲ್ಲೇ ನೋಡಿ, ಅಪಘಾತಕ್ಕೆ ಗಾಡಿಯ ದೋಷ ಕಾರಣವಲ್ಲ ಎಂದು ಬರೆದುಕೊಟ್ಟಿದ್ದರು. ಅದು ಸರಿಯೇ. ಗಾಡಿಯಲ್ಲಿ ದೋಷ ಇರಲಿಲ್ಲ.

ಮೊದಲು ಗೇರ್ ನೋಡಿದೆ. ಟಾಪ್‌ನಲ್ಲೇ ಇತ್ತು. ಎದುರಿಗೆ ಏನಾದರೂ ಕಂಡರೆ ಓಡಿಸಿ ಪಳಗಿದವರು ಒಂದೆರಡು ಗೇರ್ ಇಳಿಸುತ್ತಾರೆ, ಕಾಲು ತಾನಾಗೇ ಹೋಗುತ್ತದೆ. ಈ ಹುಡುಗನ ಕಾಲು ಹೋಗಿಲ್ಲ. ಆಮೇಲೆ ಹಿಂದಿನ ಟೈರು ತಿರುಗಿಸಿದೆ. ಒಂದೇ ಜಾಗದಲ್ಲಿ ಅಂಗೈ ಅಗಲ ಚಪ್ಪಟೆಯಾಗಿ ಸವೆದಿತ್ತು, ಅರ ಹಾಕಿ ಉಜ್ಜಿದ ಹಾಗೆ. ಅಂದರೆ ಹಿಂದಿನ ಬ್ರೇಕನ್ನು ಬಲವಾಗಿ ತುಳಿದಿದ್ದಾನೆ, ಚಕ್ರ ಲಾಕ್ ಆಗಿದೆ, ಗಾಡಿ ಜಾರಿಕೊಂಡು ಹೋಗಿದೆ. ಮುಂದಿನ ಚಕ್ರಕ್ಕೆ, ಬ್ರೇಕ್ ಹಿಡಿದಾಗ ಲಾಕ್ ಆಗದಂತೆ ತಡೆಯುವ ಎಬಿಎಸ್ ಇತ್ತು. ಮುಂದಿನ ಬ್ರೇಕ್ ಹಿಡಿದರೆ ತಾನೇ ಅದು ಕೆಲಸ ಮಾಡೋದು? ಕೊನೆಗೆ ಹೆಲ್ಮೆಟ್ಟು. ಸೀಟಿನ ಪಕ್ಕದ ಕೊಕ್ಕೆಯಲ್ಲಿ ಲಾಕ್ ಮಾಡಿದ್ದು ಹಾಗೇ ನೇತಾಡುತ್ತಿತ್ತು. ಅದರ ಮೇಲೆ ಒಂದು ಗೀರೂ ಇರಲಿಲ್ಲ.

ಓಡಿಸುತ್ತಿದ್ದವನಿಗೆ 19 ವರ್ಷ. ಲೈಸೆನ್ಸ್ ಕೈಗೆ ಬಂದು ಎರಡು ತಿಂಗಳು. ಹಿಂದೆ ಕೂತಿದ್ದವನು ಚಿಕ್ಕಪ್ಪನ ಮಗ. ಅತ್ತೆ ಊರಿನಲ್ಲಿ ಬಾಡೂಟ. ಊಟಕ್ಕೆ ಮುಂಚೆ ತೋಟದಲ್ಲಿ 90 ಎಂಎಲ್ ಪ್ಯಾಕೆಟ್ಟು, ಒಬ್ಬೊಬ್ಬರಿಗೆ ಎರಡು. ರಾತ್ರಿ ಒಂಬತ್ತಕ್ಕೆ ಹೊರಟಿದ್ದಾರೆ. ದಾರಿಯಲ್ಲಿ ಕಬ್ಬಿನ ಟ್ರೈಲರ್ ನಿಂತಿತ್ತು. ಅದಕ್ಕೆ ಹಿಂದೆ ದೀಪ ಇರಲಿಲ್ಲ, ರಿಫ್ಲೆಕ್ಟರ್ ಇರಲಿಲ್ಲ. ಅದು ಇನ್ನೊಂದು ಪತ್ರಕ್ಕಾಗುವಷ್ಟು ವಿಷಯ. ಓಡಿಸುತ್ತಿದ್ದವನ ತೊಡೆಗೆ ರಾಡ್ ಹಾಕಿದ್ದಾರೆ. ಹಿಂದೆ ಕೂತಿದ್ದವನು ಉಳಿಯಲಿಲ್ಲ.

"ಎರಡೇ ಪ್ಯಾಕೆಟ್ ಅಂತೆ ಕಣಣ್ಣ" ಅಂದರು ಹುಡುಗನ ಅಪ್ಪ, ಗಾಡಿ ಇಳಿಸುವಾಗ.

ಆ 'ಎರಡೇ' ನನ್ನ ತಲೆಯಿಂದ ಹೋಗಲಿಲ್ಲ. ನಮ್ಮೂರಿನ ಡಾಕ್ಟರೊಬ್ಬರ ಹತ್ತಿರ ಕೂತು ಲೆಕ್ಕ ಹಾಕಿಸಿದೆ. ವಿಸ್ಕಿ, ರಮ್ಮು ಯಾವುದಾದರೂ ಸರಿ, 42.8 ಪರ್ಸೆಂಟ್ ಎಂದು ಪ್ಯಾಕೆಟ್ ಮೇಲೇ ಇರುತ್ತದೆ. 90 ಎಂಎಲ್‌ನಲ್ಲಿ ಸುಮಾರು 30 ಗ್ರಾಂ ಆಲ್ಕೋಹಾಲ್. 60 ಕೆಜಿ ತೂಕದ ಹುಡುಗ ಅದನ್ನು ಕುಡಿದರೆ 100 ಎಂಎಲ್ ರಕ್ತದಲ್ಲಿ ಹೆಚ್ಚುಕಡಿಮೆ 70 ಮಿಲಿಗ್ರಾಂ ಆಗುತ್ತದೆ. ಕಾನೂನಿನ ಮಿತಿ 30. ಒಂದೇ ಪ್ಯಾಕೆಟ್ಟಿಗೆ ಮಿತಿಯ ಎರಡರಷ್ಟು ದಾಟಿತು. ಎರಡಕ್ಕೆ ಸುಮಾರು 140. ಬಾಡೂಟ ಹೊಟ್ಟೆಗೆ ಬಿದ್ದರೆ ಅದು ಸ್ವಲ್ಪ ನಿಧಾನವಾಗಿ ಏರುತ್ತದೆ, ಅಷ್ಟೆ. ಇಳಿಯುವುದು ಗಂಟೆಗೆ 15ರಷ್ಟು. ರಾತ್ರಿ ಹತ್ತಕ್ಕೆ ಎರಡು ಪ್ಯಾಕೆಟ್ ಮುಗಿಸಿದವನು ಬೆಳಿಗ್ಗೆ ಐದೂವರೆಗೆ ಮುಖ ತೊಳೆದು, ಡೈರಿಗೆ ಹಾಲು ಹಾಕಲು ಗಾಡಿ ಎತ್ತಿದರೆ, ಆಗಲೂ ಅವನ ರಕ್ತದಲ್ಲಿ ಮಿತಿಯ ಆಸುಪಾಸಿನಷ್ಟು ಇರಬಹುದು. ಸ್ಟ್ರಾಂಗ್ ಬಿಯರ್ ಒಂದು ಬಾಟಲಿಯಂತೂ 90 ಎಂಎಲ್ ಪ್ಯಾಕೆಟ್ಟಿಗಿಂತ ಜಾಸ್ತಿ. "ಬಿಯರ್ ತಾನೇ" ಅನ್ನುವ ಹುಡುಗರು ಇದನ್ನು ನಂಬುವುದೇ ಇಲ್ಲ.

ನಾನೇನೂ ಮಠದ ಸ್ವಾಮಿಯಲ್ಲ. ಹೊಸತೊಡಕಿಗೆ, ಬೀಗರೂಟಕ್ಕೆ ನಾನೂ ಎಣ್ಣೆ ಹಾಕುತ್ತೇನೆ. ಗಾಡಿ ಕೀ ಮಾತ್ರ ಮೊದಲೇ ಹೆಂಡತಿ ಕೈಗೆ ಹೋಗಿರುತ್ತದೆ. ಇದು ಬುದ್ಧಿವಂತಿಕೆಯಿಂದ ಬಂದದ್ದಲ್ಲ. 22ನೇ ವಯಸ್ಸಿನಲ್ಲಿ ಯಾರದೋ ಆರ್‌ಎಕ್ಸ್ 100 ಇಸಿದುಕೊಂಡು, ಕುಡಿದು ಓಡಿಸಿ, ನಾಲೆಗೆ ಬಿದ್ದವನು ನಾನು. ನಾಲೆಯಲ್ಲಿ ಆವತ್ತು ನೀರು ಬಿಟ್ಟಿರಲಿಲ್ಲ.

ಇಷ್ಟು ವರ್ಷದಲ್ಲಿ ನನಗೆ ಗೊತ್ತಾದದ್ದು ಇದು. ಹಳಬರು ಗಾಡಿಯನ್ನು ಕೈಕಾಲಿನಿಂದ ಓಡಿಸುತ್ತಾರೆ. ಹೊಸಬರು ತಲೆಯಿಂದ ಓಡಿಸುತ್ತಾರೆ. ಕ್ಲಚ್ಚು, ಗೇರು, ಎಷ್ಟು ಬ್ರೇಕು, ಯಾವ ಬ್ರೇಕು, ಎಲ್ಲವನ್ನೂ ಅವರು ಯೋಚಿಸಿಯೇ ಮಾಡಬೇಕು. ಕುಡಿದಾಗ ಮೊದಲು ಮಂಕಾಗುವುದು ಆ ಯೋಚನೆಯೇ. ಗಂಟೆಗೆ 60 ಕಿಲೋಮೀಟರ್ ಹೋಗುವ ಗಾಡಿ ಸೆಕೆಂಡಿಗೆ 16 ಮೀಟರ್ ಮೇಲೆ ದಾಟುತ್ತದೆ. ಬ್ರೇಕಿಗೆ ಕಾಲು ಹೋಗುವುದು ಮುಕ್ಕಾಲು ಸೆಕೆಂಡು ತಡವಾದರೆ ನಿಮ್ಮ ಒಂದು ಸಾರಿಗೆ ಬಸ್ಸಿನಷ್ಟು ಉದ್ದ ಮುಂದೆ ಹೋಗಿರುತ್ತಾನೆ. ಕಾರಾದರೆ ನಾಲ್ಕು ಚಕ್ರ, ಮೈ ತೂಗಿದರೂ ಗಾಡಿ ನಿಂತಿರುತ್ತದೆ. ಬೈಕಿನಲ್ಲಿ ಬ್ಯಾಲೆನ್ಸ್ ಕೂಡ ಅವನದೇ ಕೆಲಸ. ಅದಕ್ಕೇ ಹೊಸಬನಿಗೂ ನನಗೂ ಒಂದೇ ಮಿತಿ ಇಟ್ಟಿರುವುದು ತಪ್ಪು ಅನ್ನುತ್ತೇನೆ. ಹೊಸದಾಗಿ ಲೈಸೆನ್ಸ್ ಪಡೆದವರಿಗೆ ಮಿತಿ ಸೊನ್ನೆ ಆಗಬೇಕು.

ಇದು ನಾನು ಕಂಡುಹಿಡಿದದ್ದಲ್ಲ. ಆಸ್ಟ್ರೇಲಿಯಾದಲ್ಲಿ ಕಲಿಯುವವರಿಗೂ ಹೊಸ ಲೈಸೆನ್ಸಿನವರಿಗೂ ಸೊನ್ನೆಯೇ. ಬಿಯರಿಗೆ ಹೆಸರಾದ ಜರ್ಮನಿಯಲ್ಲಿ 2007ರಿಂದ, ಲೈಸೆನ್ಸ್ ಸಿಕ್ಕ ಮೊದಲ ಎರಡು ವರ್ಷ ಮತ್ತು 21 ತುಂಬುವವರೆಗೆ ಕುಡಿದು ಓಡಿಸುವ ಹಾಗೇ ಇಲ್ಲ.

ಅಷ್ಟು ದೂರ ಯಾಕೆ ಹೋಗಬೇಕು ಸರ್, ನಮ್ಮ ಸರ್ಕಾರದ ಪುಸ್ತಕವನ್ನೇ ತೆಗೆಯೋಣ. ಗೇರ್ ಗಾಡಿಗೆ ಲೈಸೆನ್ಸ್ ಕೊಡುವುದು 18ಕ್ಕೆ. ಮದ್ಯದ ಅಂಗಡಿಯವರು ಪಾಲಿಸಬೇಕಾದ 1967ರ ಅಬಕಾರಿ ನಿಯಮದ ಪ್ರಕಾರ 21 ತುಂಬದವರಿಗೆ ಮದ್ಯ ಮಾರುವ ಹಾಗಿಲ್ಲ. ಅಬಕಾರಿ ಕಾಯ್ದೆಯಲ್ಲಿ 18 ಎಂದಿದೆ, ನಿಯಮದಲ್ಲಿ 21 ಎಂದಿದೆ, ಎರಡನ್ನೂ ಸರಿಹೊಂದಿಸುತ್ತೇವೆ ಎಂದು 2023ರ ಜನವರಿಯಲ್ಲಿ 18ಕ್ಕೆ ಇಳಿಸುವ ಕರಡು ಹೊರಡಿಸಿದರು. ಜನ ಬೇಡ ಅಂದರು. ವಾಪಸ್ ಆಯಿತು. ಅಲ್ಲಿಗೆ 21 ಉಳಿದುಕೊಂಡಿತು. ಅಂದಮೇಲೆ 19 ವರ್ಷದ ಹುಡುಗನ ರಕ್ತದಲ್ಲಿ ಎಷ್ಟಿರಬೇಕು? ಕಾಗದದ ಪ್ರಕಾರ ಸೊನ್ನೆ ಅಲ್ವಾ? ಆದರೆ ರಸ್ತೆಯಲ್ಲಿ ನಿಲ್ಲಿಸಿ ಊದಿಸಿ 29 ಬಂದರೆ, ಸರಿ ಹೋಗಪ್ಪ ಎಂದು ಬಿಡಬೇಕು. ಯಾವ ಅಂಗಡಿಯಲ್ಲಿ ತಗೊಂಡೆ ಎಂದು ಕೇಳುವವರೂ ಇಲ್ಲ.

ಮೋಟಾರು ವಾಹನ ಕಾಯ್ದೆ ಕೇಂದ್ರದ್ದು, 30 ಎಂದು ಬರೆದಿರುವುದು ಅದರ 185ನೇ ಸೆಕ್ಷನ್‌ನಲ್ಲಿ, ನಾವೇನು ಮಾಡೋಣ ಎಂದು ನಿಮ್ಮ ಅಧಿಕಾರಿಗಳು ಹೇಳಬಹುದು. ನಿಜ. ಆದರೆ ವಿಷಯ ಸಮವರ್ತಿ ಪಟ್ಟಿಯಲ್ಲಿದೆ, ಅಂದರೆ ಕೇಂದ್ರವೂ ರಾಜ್ಯವೂ ಕಾನೂನು ಮಾಡಬಹುದು. ರಾಜ್ಯ ತಿದ್ದುಪಡಿ ತಂದು ರಾಷ್ಟ್ರಪತಿಗಳ ಒಪ್ಪಿಗೆ ಕೇಳಬಹುದು. ಅಷ್ಟಾಗದಿದ್ದರೆ ಕೇಂದ್ರಕ್ಕೆ ಒಂದು ಪತ್ರವನ್ನಾದರೂ ಬರೆಯಿರಿ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ 74,897 ಜನ ದ್ವಿಚಕ್ರದವರು ಎಂದು ಕೇಂದ್ರವೇ ಲೆಕ್ಕ ಕೊಟ್ಟಿದೆ.

ಕಾನೂನು ಬದಲಾಗುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಹುಡುಗ ನಿಮ್ಮ ಇಲಾಖೆಯ ಕೈಗೆ ಒಂದು ಸಲ ಸಿಗುತ್ತಾನಲ್ಲ. ಈಗ ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್) ಮೊಬೈಲಿನಲ್ಲೇ ಆಗುತ್ತದೆ. ಆಧಾರ್ ಕೊಟ್ಟು, ಸುರಕ್ಷತೆಯ ವಿಡಿಯೊ ಓಡಿಸಿಟ್ಟು, ಅದು ಮುಗಿಯುವವರೆಗೆ ಟೀ ಕುಡಿದು ಬರುತ್ತಾರೆ. ಉತ್ತರವನ್ನು ಸೈಬರ್ ಅಂಗಡಿಯವನೇ ಒತ್ತಿಕೊಡುವುದೂ ಉಂಟು. 30 ದಿನ ಕಳೆದು ಪರೀಕ್ಷೆಗೆ ಬಂದರೆ ಎಂಟು ಹಾಕಬೇಕು. ಫಸ್ಟ್ ಗೇರಿನಲ್ಲಿ, ನಡೆಯುವಷ್ಟು ವೇಗದಲ್ಲಿ, ಕಾಲು ನೆಲಕ್ಕೆ ಊರದೆ ಒಂದು ಎಂಟು. ಮುಗಿಯಿತು. ಆ ಹುಡುಗನೂ ಎಂಟು ಚೆನ್ನಾಗಿಯೇ ಹಾಕಿದ್ದನಂತೆ. ಟಾಪ್ ಗೇರಿನಲ್ಲಿ ಬರುವಾಗ ಬ್ರೇಕ್ ಹೇಗೆ ಹಿಡಿಯಬೇಕು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಒಂದು ಪ್ಯಾಕೆಟ್ಟಿಗೆ 70 ಎಂದೂ ಹೇಳಿರಲಿಲ್ಲ.

ಆ 30 ದಿನದಲ್ಲಿ ಅರ್ಧ ದಿನ ಅವರನ್ನು ತಾಲ್ಲೂಕಿಗೆ ಕರೆಸಿ. ಭಾಷಣ ಬೇಡ, ಹಾರ ತುರಾಯಿ ಬೇಡ. ಮೂಳೆ ವಾರ್ಡಿನಲ್ಲಿ ಕೆಲಸ ಮಾಡುವ ಒಬ್ಬರು ಸಿಸ್ಟರ್ ಬಂದು ಮಾತಾಡಲಿ. ನನ್ನಂಥವನೊಬ್ಬ ಬ್ರೇಕು ತೋರಿಸಲಿ. ನಾನು ಕಾಸು ಕೇಳುವುದಿಲ್ಲ, ಮಧ್ಯಾಹ್ನಕ್ಕೆ ಶೆಡ್ಡಿಗೆ ವಾಪಸ್ ಬಿಟ್ಟರೆ ಸಾಕು.

ಇನ್ನು ದಂಡದ ವಿಷಯ. 2019ರ ತಿದ್ದುಪಡಿ ಬಂದಮೇಲೆ ಕುಡಿದು ಓಡಿಸಿದರೆ ಮೊದಲ ಸಲಕ್ಕೆ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ನಮ್ಮ ಕಡೆ ನಾನು ಕಂಡಿರುವುದು ದಂಡ ಮಾತ್ರ. ಆ ದುಡ್ಡು ಯಾರದು? ಅಮ್ಮನ ಓಲೆ ಸೊಸೈಟಿಯಲ್ಲಿ ಕೂರುತ್ತದೆ. ಅಪ್ಪ ಕೋರ್ಟಿನಲ್ಲಿ ಕಟ್ಟುತ್ತಾನೆ. ಮಗ ಗಾಡಿ ಬಿಡಿಸಿಕೊಂಡು ಅದೇ ವಾರ ನನ್ನ ಹತ್ತಿರ ಸೈಲೆನ್ಸರ್ ಬದಲಾಯಿಸಲು ಬರುತ್ತಾನೆ. (ನಾನು ಬದಲಾಯಿಸುವುದಿಲ್ಲ. ಪಕ್ಕದ ಬೀದಿಯವನು ಬದಲಾಯಿಸುತ್ತಾನೆ.) ಆ ಹುಡುಗರು ಹೆದರುವುದು ಲೈಸೆನ್ಸ್ ಹೋಗುವುದಕ್ಕೆ. ಅಮಾನತು ಮಾಡುವ ಅಧಿಕಾರ ನಿಮ್ಮ ಇಲಾಖೆಗೆ ಈಗಲೂ ಇದೆ. ಅಮಾನತಾದವರು ಮತ್ತೆ ತರಬೇತಿ ಪಡೆಯಬೇಕು ಎಂದು ಅದೇ ತಿದ್ದುಪಡಿಯಲ್ಲಿ ಬರೆದಿದೆ. ಲೈಸೆನ್ಸ್ ಪಡೆದು ಎರಡು ವರ್ಷ ಆಗದವನು ಸಿಕ್ಕಿಬಿದ್ದರೆ ಇದನ್ನು ತಪ್ಪದೆ ಮಾಡಿ. ಗಾಡಿ ಮನೆ ಮುಂದೆ ನಿಂತಿದ್ದು, ಅವನು ಆರು ತಿಂಗಳು ಬಸ್ಸಿನಲ್ಲಿ ಓಡಾಡಲಿ.

ಬಸ್ಸು ಅಂದಾಗ ಇನ್ನೊಂದು ಮಾತು. ಲೈಸೆನ್ಸೂ ನಿಮ್ಮದೇ, ಬಸ್ಸೂ ನಿಮ್ಮದೇ. ನಮ್ಮೂರಿಂದ ಆ ಹಳ್ಳಿ ಕಡೆಗೆ ಕೊನೆಯ ಬಸ್ಸು ಸಂಜೆ ಏಳೂಮುಕ್ಕಾಲಿಗೆ. ಹೊಸತೊಡಕಿನ ದಿನ ಅದೂ ಬಂದಿರಲಿಲ್ಲ. ಶಕ್ತಿ ಯೋಜನೆ ಬಂದಮೇಲೆ ಹೆಂಗಸರು ಹಗಲು ಬಸ್ಸಿನಲ್ಲೇ ಊಟಕ್ಕೆ ಹೋಗಿ, ಸಂಜೆ ಬಸ್ಸಿನಲ್ಲೇ ವಾಪಸಾಗುತ್ತಾರೆ. ಗಂಡು ಹುಡುಗರು ಗಾಡಿಯಲ್ಲಿ ಹೋಗಿ, ಕೂತು, ಕತ್ತಲಲ್ಲಿ ಹೊರಡುತ್ತಾರೆ. ಹೊಸತೊಡಕು, ಮಾರಮ್ಮನ ಹಬ್ಬ, ಬೀಗರೂಟ ಜಾಸ್ತಿ ಇರುವ ದಿನಗಳು ಯಾವುವು ಎಂದು ನಿಮ್ಮ ಡಿಪೋದವರಿಗೆ ಗೊತ್ತಿರುತ್ತದೆ, ಅವರೂ ಊಟಕ್ಕೆ ಹೋಗುವವರೇ. ಆ ದಿನಗಳಲ್ಲಿ ರಾತ್ರಿ ಹತ್ತಕ್ಕೆ ಒಂದು ಬಸ್ಸು ಬಿಡಿ. ಎಲ್ಲರೂ ಹತ್ತುವುದಿಲ್ಲ. ಬರುವಾಗ ಬಸ್ಸಿದೆ ಎಂದು ಗೊತ್ತಿದ್ದರೆ, ಹೋಗುವಾಗ ಗಾಡಿ ಕೀ ಕೊಡುವುದಿಲ್ಲ ಎನ್ನಲು ಒಬ್ಬ ಅಪ್ಪನಿಗೆ ಒಂದು ಕಾರಣ ಸಿಗುತ್ತದೆ.

ಆ ಗಾಡಿ ಇನ್ನೂ ನನ್ನ ಶೆಡ್ಡಿನಲ್ಲೇ ಇದೆ. ಇನ್ಶೂರೆನ್ಸ್ ಬರುತ್ತಾ ಎಂದು ಅವರಪ್ಪ ಕೇಳಿದರು. ಓಡಿಸಿದವನು ಕುಡಿದಿದ್ದಾನೆಂದು ಆಸ್ಪತ್ರೆ ಕಾಗದದಲ್ಲೇ ಬರೆದಿದೆ, ಗಾಡಿ ರಿಪೇರಿಗೆ ಕಂಪನಿಯವರು ಕೊಡುವುದಿಲ್ಲ ಅಂದೆ. ಸರಿ ಮಾಡಬೇಕೋ, ಗುಜರಿಗೆ ಹಾಕಬೇಕೋ ಹೇಳಿಹೋಗಲು ಅವರು ಮತ್ತೆ ಬಂದಿಲ್ಲ. ನಾನೂ ಫೋನ್ ಮಾಡಿಲ್ಲ. ಹಿಂದಿನ ಟೈರು ಬಿಚ್ಚದೆ ಹಾಗೇ ಇಟ್ಟಿದ್ದೇನೆ. ಆ ಅರ್ಧ ದಿನದ ತರಗತಿ ಶುರು ಮಾಡುವುದಾದರೆ ಅವರಪ್ಪನನ್ನು ಕೇಳಿ ಅದನ್ನು ತರುತ್ತೇನೆ. ನಿಮ್ಮ ಅಧಿಕಾರಿಗಳು ಮೊದಲೇ ನೋಡಬೇಕೆಂದರೆ ಬರಲಿ. ಮಂಗಳವಾರ ಶೆಡ್ಡಿಗೆ ರಜೆ, ಮಿಕ್ಕ ದಿನ ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆಗೆದಿರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಬೈಕ್ ಮೆಕ್ಯಾನಿಕ್