ಬಿರೀವ್‌ಮೆಂಟ್ ಅಂದರೇನು ಅಂತ ಕೇಳಿದ್ದೆಯಲ್ಲ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಫೋನಿನಲ್ಲಿ ಕೇಳಿದ ಪ್ರಶ್ನೆಗೆ ಅವತ್ತು ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ನಿನ್ನಪ್ಪನ ಮೊದಲ ಮಾಸಿಕ. ಮನೆ ತುಂಬ ಜನ ಇದ್ದರು. ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ.

ಆಫೀಸಿನ ರಜೆ ಫಾರ್ಮಿನಲ್ಲಿ ‘ಬಿರೀವ್‌ಮೆಂಟ್ ಲೀವ್’ ಅಂತ ಇತ್ತು, ಅದರ ಅರ್ಥ ಏನು ದೊಡ್ಡಪ್ಪ ಅಂತ ಕೇಳಿದೆ. ಹತ್ತಿರದವರು ತೀರಿಕೊಂಡಾಗ ಕೊಡುವ ರಜೆ ಅದು. ಆಮೇಲೆ ಸಣ್ಣ ದನಿಯಲ್ಲಿ, “ನಾನೇ ಅಪ್ಪನನ್ನ ಕಳ್ಕೊಂಡೆ” ಅಂದೆ. ಆ ‘ನಾನೇ’ ಕೇಳಿದ ಮೇಲೆ ನನಗೆ ರಾತ್ರಿ ನಿದ್ದೆ ಬರಲಿಲ್ಲ ಮಗಳೇ.

ನಮ್ಮ ‘ಕಳೆದುಕೊಳ್ಳು’ ಅನ್ನುವ ಮಾತನ್ನೇ ನೋಡು. ಕೊಡೆ ಕಳೆದುಕೊಂಡೆ, ಬಸ್ಸಿನಲ್ಲಿ ಪರ್ಸ್ ಕಳೆದುಕೊಂಡೆ ಅನ್ನುತ್ತೇವೆ. ಆ ‘ಕೊಳ್ಳು’ ಸೇರಿದ ಕೂಡಲೇ ನಮ್ಮದೇ ಕೈ ಜಾರಿತು, ನಮ್ಮದೇ ಗಮನ ತಪ್ಪಿತು ಅನ್ನುವ ಹಾಗೆ ಕೇಳುತ್ತದೆ. ಸತ್ತವರ ಬಗ್ಗೆಯೂ ಅದೇ ಮಾತನ್ನು ಆಡುತ್ತೇವೆ. ನೀನು ವಿಮಾನ ಹತ್ತುವ ಮೊದಲೇ ಎಲ್ಲ ಮುಗಿದಿತ್ತು. ಆದರೂ ಆ ಮಾತು ನಿನ್ನ ಮೇಲೆ ಒಂದು ತಪ್ಪು ಹೊರಿಸಿಬಿಟ್ಟಿದೆ. ಇಂಗ್ಲಿಷಿನ ‘ಲಾಸ್’ ಕೂಡ ಸುಮಾರಾಗಿ ಹೀಗೇ. ಬೀಗದ ಕೈ ಹೋದರೂ ಅದೇ ಪದ, ವ್ಯಾಪಾರ ಮುಳುಗಿದರೂ ಅದೇ ಪದ, ಅಪ್ಪ ಹೋದರೂ ಅದೇ.

‘ಬಿರೀವ್‌ಮೆಂಟ್’ನ ಮೂಲ ಪದ ‘ಬಿರೀವ್’ ಹಾಗಲ್ಲ. ಅದು ಸಾವಿರ ವರ್ಷಕ್ಕೂ ಹಿಂದಿನ ಹಳೆಯ ಇಂಗ್ಲಿಷಿನ ‘ಬೆರೇಅಫಿಯನ್’ ಎಂಬ ಕ್ರಿಯಾಪದದಿಂದ ಬಂದಿದೆ. ಕಿತ್ತುಕೊಳ್ಳು, ದೋಚು ಅಂತ ಅದರ ಅರ್ಥ. ಅದರೊಳಗಿನ ‘ರೇಅಫಿಯನ್’ ಅಂದರೆ ಸುಲಿಗೆ ಮಾಡು. ಇಂಗ್ಲಿಷಿನ ‘ರಾಬ್’ ಫ್ರೆಂಚಿನ ಮೂಲಕ ಸುತ್ತಿ ಬಂದ ಪದ, ಆದರೆ ಅದರ ಮೂಲವೂ ಇದೇ. ‘ಬಿರೀವ್ಡ್’ ಅಂದರೆ ಸುಲಿಗೆಗೆ ಸಿಕ್ಕವರು. ಸುಲಿಗೆಗೆ ಸಿಕ್ಕವರನ್ನು ‘ಯಾಕೆ ಕಳೆದುಕೊಂಡೆ’ ಅಂತ ಯಾರಾದರೂ ಗದರುತ್ತಾರಾ?

ನೀನಿರುವ ಇಂಗ್ಲೆಂಡಿನ ಕಾರ್ಲೈಲ್ ಊರಿಗೂ ಈ ಪದಕ್ಕೂ ನಂಟಿದೆ. ಹೋದ ವರ್ಷ ನಿನ್ನಪ್ಪ ಅಲ್ಲಿಗೆ ಬಂದಿದ್ದಾಗ, ಕೋಟೆಗೂ ಮ್ಯೂಸಿಯಂಗೂ ನಡುವಿನ ಸುರಂಗದಾರಿಯಲ್ಲಿ ಒಂದು ದೊಡ್ಡ ಕೆತ್ತನೆಯ ಕಲ್ಲಿನ ಪಕ್ಕ ನಿಂತು ಫೋಟೊ ತೆಗೆಸಿಕೊಂಡಿದ್ದನಲ್ಲ? ಅದು ಶಾಪದ ಕಲ್ಲು. 1525ರಲ್ಲಿ ಗ್ಲಾಸ್ಗೋದ ಆರ್ಚ್‌ಬಿಷಪ್ ಗ್ಯಾವಿನ್ ಡನ್‌ಬಾರ್ ಗಡಿಯ ದರೋಡೆಕೋರರಿಗೆ ಹಾಕಿದ ಶಾಪದ ಒಂದು ಭಾಗವನ್ನು ಅದರ ಮೇಲೆ ಕೆತ್ತಿದ್ದಾರೆ. ಕಲ್ಲು ಹೊಸದು, 2001ರದ್ದು. ಶಾಪ ಮಾತ್ರ ಹಳೆಯದು. ತಲೆ, ಕೂದಲು, ಮುಖ ಅಂತ ಶುರುವಾಗಿ ಅವರ ಮೈಯ ಒಂದೊಂದು ಭಾಗಕ್ಕೂ ಶಾಪ ಹಾಕುತ್ತಾ ಹೋಗುತ್ತದೆ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಗಡಿಯಲ್ಲಿ ಆರ್ಮ್‌ಸ್ಟ್ರಾಂಗ್, ಗ್ರೇಯಂ, ಎಲಿಯಟ್ ಮುಂತಾದ ಮನೆತನಗಳವರು ಚಳಿಗಾಲದ ಉದ್ದ ರಾತ್ರಿಗಳಲ್ಲಿ ಕುದುರೆ ಏರಿ ಬಂದು ದನ ಹೊಡೆದುಕೊಂಡು ಹೋಗುತ್ತಿದ್ದರು. ಅವರನ್ನು ‘ರೀವರ್‌’ಗಳು ಅನ್ನುತ್ತಿದ್ದರು. ಅವರ ಹೆಸರಿನಿಂದಲೇ ‘ಬಿರೀವ್’ ಹುಟ್ಟಿತು ಅಂತ ಅಲ್ಲಿ ಯಾರಾದರೂ ನಿನಗೆ ಹೇಳಬಹುದು. ನಂಬಬೇಡ. ಪದ ಅವರಿಗಿಂತ ತುಂಬಾ ಹಳೆಯದು. ಇಬ್ಬರೂ ಒಂದೇ ಬೇರಿನವರು, ಅಷ್ಟೇ.

1603ರಲ್ಲಿ ಸ್ಕಾಟ್ಲೆಂಡಿನ ದೊರೆ ಜೇಮ್ಸ್ ಇಂಗ್ಲೆಂಡಿಗೂ ದೊರೆಯಾದ. ರೀವರ್‌ಗಳನ್ನು ಮಟ್ಟ ಹಾಕಿದವನು ಅವನೇ. ಅವನ ಹೆಸರಿನ ಬೈಬಲ್ 1611ರಲ್ಲಿ ಬಂತು, ಅದರಲ್ಲಿ ಈ ಪದ ಇದೆ. ಮುದುಕ ಯಾಕೋಬ ತನ್ನ ಗಂಡುಮಕ್ಕಳಿಗೆ ಹೇಳುತ್ತಾನೆ: ನೀವು ನನ್ನನ್ನು ನನ್ನ ಮಕ್ಕಳಿಂದ ‘ಬಿರೀವ್’ ಮಾಡಿದಿರಿ, ಯೋಸೇಫ ಇಲ್ಲ, ಸಿಮೆಯೋನ ಇಲ್ಲ. ಈ ವಾಕ್ಯವನ್ನು ಚೆನ್ನಾಗಿ ನೋಡು. ಅದರಲ್ಲಿ ಕಿತ್ತುಕೊಂಡವರು ಯಾರು ಅಂತ ಇದೆ. ‘ನೀವು’ ಅಂತ ಬೆರಳು ತೋರಿಸುತ್ತಾನೆ. ಆ ವಾಕ್ಯದಲ್ಲಿ ಪದದ ಜೊತೆ ಕಳ್ಳನೂ ಇದ್ದಾನೆ.

ನಿಧಾನವಾಗಿ ಕಳ್ಳ ವಾಕ್ಯದಿಂದ ಬಿದ್ದುಹೋದ. ಬರಬರುತ್ತಾ ‘ಬಿರೀವ್ಡ್’ ಹೆಚ್ಚಾಗಿ ಸಾವಿನ ಮನೆಯವರಿಗೇ ಮೀಸಲಾಯಿತು. ಅದರ ಜೋಡಿ ರೂಪ ‘ಬಿರೆಫ್ಟ್’ ಆಸೆ, ಮಾತು, ನೆಮ್ಮದಿ ಇಲ್ಲವಾದವರಿಗೆ ಉಳಿಯಿತು. ನಾನು ಇಷ್ಟು ವರ್ಷ ಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡಿದೆ, ಈ ಎರಡರ ವ್ಯತ್ಯಾಸವನ್ನೂ ಬೋರ್ಡಿನ ಮೇಲೆ ಬರೆದೆ. ಆದರೆ ‘ಬಿರೀವ್ಡ್’ ಅಂದಾಗ ಕರ್ಮ ಮಾತ್ರ ಇದೆ, ಕರ್ತೃವಿನ ಜಾಗ ಖಾಲಿ ಇದೆ ಅನ್ನುವುದು ನನ್ನ ತಮ್ಮ ಹೋದ ಮೇಲೆಯೇ ನನಗೆ ಹೊಳೆದದ್ದು.

ಪುಟ್ಟಿ, ಆ ಖಾಲಿ ಜಾಗದಲ್ಲಿ ನೀನು ನಿನ್ನ ಹೆಸರು ಬರೆಯುತ್ತಿದ್ದೀಯ. ದೂರ ಹೋದವಳು ನಾನು, ಫೋನ್ ಎತ್ತದವಳು ನಾನು ಅಂತ. ಬರೆಯಬೇಡ. ನಾನೂ ಒಂದೆರಡು ವಾರ ಅಲ್ಲಿ ನನ್ನ ಹೆಸರು ಬರೆದಿದ್ದೆ. ಅವತ್ತು ಸಂಜೆ ಎದೆ ಭಾರ ಅಂದಾಗ ಬೆಳಿಗ್ಗೆ ನೋಡೋಣ ಅಂದವನು ನಾನು. ಆಮೇಲೆ ನಿನ್ನಮ್ಮನೂ ರಾತ್ರಿ ಅದೇ ಜಾಗದಲ್ಲಿ ತನ್ನ ಹೆಸರು ಬರೆದುಕೊಳ್ಳುತ್ತಿದ್ದಾಳೆ ಅಂತ ಗೊತ್ತಾಯಿತು. ಮೂರೂ ಜನ ಒಬ್ಬರಿಗೊಬ್ಬರು ಹೇಳದೆ ಒಂದೇ ತಪ್ಪು ಹೊತ್ತುಕೊಂಡು ಕೂತಿದ್ದೆವು.

ಇನ್ನೊಂದು ಸಂಗತಿ. ಭಾಷೆಗಳ ಬೇರು ಹುಡುಕುವ ವಿದ್ವಾಂಸರ ಪ್ರಕಾರ, ಆ ‘ರೇಅಫಿಯನ್’ ಮತ್ತು ಸಂಸ್ಕೃತದ ‘ಲುಪ್’ ಧಾತು ಎರಡೂ ‘ಮುರಿ’ ಎಂಬ ಅರ್ಥದ ಒಂದೇ ಹಳೆಯ ಬೇರಿನಿಂದ ಬಂದವು. ‘ಲುಪ್’ನಿಂದಲೇ ನಮಗೆ ‘ಲೋಪ’ ಬಂತು. ಜಗಲಿಯ ಮೇಲೆ ಕೂರಿಸಿಕೊಂಡು ನಿನ್ನಪ್ಪ ನಿನಗೆ ಲೋಪಸಂಧಿ ಹೇಳಿಕೊಟ್ಟದ್ದು ನೆನಪಿದೆಯಾ? ಊರು ಸೇರಿಸು ಊರು, ಊರೂರು. ಮೊದಲ ಪದದ ಕೊನೆಯ ಸ್ವರ ಹೋಯಿತು, ಎಲ್ಲಿ ಹೋಯಿತು ಹೇಳು ಅಂತ ಕೇಳುತ್ತಿದ್ದ. ನೀನು ಜಗಲಿ ಕೆಳಗೆ ಬಗ್ಗಿ ಹುಡುಕುತ್ತಿದ್ದೆ.

ಅದೇ ಬೇರಿನ ಇನ್ನೊಂದು ಕವಲು ‘ರೋಬ್’, ಅಂದರೆ ನಿಲುವಂಗಿ. ಯುದ್ಧದಲ್ಲಿ ಬಿದ್ದವರ ಮೈಮೇಲಿನ ಬಟ್ಟೆಯೂ ಕೊಳ್ಳೆಯಾಗಿತ್ತಲ್ಲ, ಕೊಳ್ಳೆ ಅನ್ನುವ ಪದವೇ ಬಟ್ಟೆಯ ಹೆಸರಾಯಿತು. ಇದನ್ನು ಓದಿದ ದಿನ ನಿನ್ನಪ್ಪನ ಬೂದು ಸ್ವೆಟರ್ ಇನ್ನೂ ನಡುಮನೆಯ ಗೂಟದಲ್ಲೇ ಇತ್ತು. ಅವನ ಬಟ್ಟೆಗಳನ್ನು ಯಾರಿಗಾದರೂ ಕೊಟ್ಟುಬಿಡಬೇಕು ಅಂತ ಮನೆಯಲ್ಲಿ ಮಾತು ನಡೆದಿತ್ತು. ಅದೊಂದನ್ನು ನಾನು ಎತ್ತಿಟ್ಟಿದ್ದೇನೆ. ಒಗೆಸಿಲ್ಲ. ಮುಂದಿನ ವಾರ ಪೋಸ್ಟಿನಲ್ಲಿ ಕಳಿಸುತ್ತೇನೆ, ಅಲ್ಲಿ ಚಳಿ ಶುರುವಾಗುವ ಹೊತ್ತಿಗೆ ನಿನ್ನ ಕೈ ಸೇರಬಹುದು.

ಫಾರ್ಮಿನಲ್ಲಿ ಎಷ್ಟು ದಿನ ಕೊಟ್ಟಿದ್ದಾರೋ ಅಷ್ಟೂ ದಿನ ರಜೆ ತಗೋ. ಸುಮ್ನೆ ಕೆಲಸದಲ್ಲಿ ಮುಳುಗಿ ಮರೆಯುತ್ತೇನೆ ಅನ್ನಬೇಡ. ನಿನ್ನಮ್ಮನಿಗೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಫೋನ್ ಮಾಡು. ಆ ಹೊತ್ತಿಗೇ ನಿನ್ನಪ್ಪ ಗೇಟು ತೆರೆದು ಒಳಗೆ ಬರುತ್ತಿದ್ದದ್ದು. ಈಗ ಅವಳು ಆ ಕಡೆ ನೋಡದ ಹಾಗೆ ಅಡುಗೆಮನೆಯಲ್ಲೇ ಕೂತಿರುತ್ತಾಳೆ.

ನಿನ್ನ
ದೊಡ್ಡಪ್ಪ